ಮೂಗಿನೊಳಗಿನ ಅರ್ಜಿ

ದಾಕ್ಷಾಯಣಿಗೆ ಡಾಕ್ಟರೇಟ್ ಬಂದಾಗ ಮ್ಯಾಂಚೆಸ್ಟರಿನ ಡಿಡ್ಸ್‌ಬರಿ ಬಡಾವಣೆಯ ಕನ್ನಡದವರೆಲ್ಲ ಸೇರಿ ಚರ್ಚಿನ ಹಾಲ್ ಒಂದನ್ನು ಬಾಡಿಗೆಗೆ ಹಿಡಿದು ಆಕೆಗೆ ಶಾಲು ಹೊದಿಸಿದರು. ಊಟ ಮುಗಿಯುವುದರೊಳಗೆ, ಊರಿನಿಂದ ಮಕ್ಕಳ ಮನೆಗೆ ಬಂದಿದ್ದ ಹಿರಿಯರು ಒಬ್ಬೊಬ್ಬರಾಗಿ ಹತ್ತಿರ ಬಂದು ತಮ್ಮ ಮಂಡಿನೋವು ಹೇಳಿಕೊಂಡರು. ಹಾಲಿನ ತುಂಬ ನಿಜವಾದ ಡಾಕ್ಟರುಗಳೇ ಇದ್ದರು. ಆದರೆ ಅವರೆಲ್ಲ "ನಿಮ್ಮ ಏರಿಯಾ ಡಾಕ್ಟರಿಗೆ, ಜಿಪಿಗೆ ತೋರಿಸಿ" ಎಂದು ಹೇಳಿ ಪಲ್ಯದ ಕಡೆ ಜಾರಿಕೊಳ್ಳುವವರು. ದಾಕ್ಷಾಯಣಿ ಮಾತ್ರ ಕೂತು ಕೇಳಿದಳು. ತಾನು ಅಂಥ ಡಾಕ್ಟರಲ್ಲ, ಎರಡು ಸಾವಿರ ವರ್ಷದ ಹಿಂದೆ ಈಜಿಪ್ಟಿನಲ್ಲಿ ಸತ್ತವರ ಕಾಗದಪತ್ರ ಓದುವವಳು ಎಂದು ತಿಳಿಸಿ ಹೇಳಿದಳು.

"ಇರಲಿ ತಾಯಿ, ಅವರಿಗೂ ಮಂಡಿ ನೋಯ್ತಿತ್ತಲ್ಲ. ಅವರು ಏನು ಹಚ್ಚೋರು?" ಎಂದು ಒಬ್ಬ ಅಜ್ಜ ಕೇಳಿದರು.

"ಮೊಸಳೆ ಕೊಬ್ಬು."

ಅಜ್ಜ ಬಹಳ ಹೊತ್ತು ಯೋಚಿಸಿದರು. "ನಮ್ಮಂಥ ಸಸ್ಯಾಹಾರಿಗಳಿಗೆ ಬೇರೆ ಏನಾದರೂ ಬರೆದಿದ್ದಾರೇನಮ್ಮ?"

ಅದು ೧೯೯೭. ದಾಕ್ಷಾಯಣಿಗೆ ಆಗ ನಲವತ್ತೈದು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಕಿವಿ-ಮೂಗು-ಗಂಟಲಿನ ಡಾಕ್ಟರಾದ ಸೋಮಲಿಂಗಪ್ಪನ ಕೈಹಿಡಿದು ಮ್ಯಾಂಚೆಸ್ಟರಿಗೆ ಬಂದವಳು. ಗಂಡನ ಆಸ್ಪತ್ರೆಯ ಪಾಳಿ ಸಂಜೆಗಳನ್ನೆಲ್ಲ ನುಂಗುತ್ತಿದ್ದ ಕಾಲದಲ್ಲಿ ಹೂ ಜೋಡಿಸುವುದನ್ನು ಕಲಿಯೋಣವೆಂದು ಕೌನ್ಸಿಲಿನ ಸಂಜೆ ತರಗತಿಗೆ ಹೋದಳು. ಹೂವಿನ ತರಗತಿ ತುಂಬಿಹೋಗಿತ್ತು. ಜಾಗ ಉಳಿದದ್ದು ಎರಡು ಕಡೆ: ಪ್ರಾಚೀನ ಗ್ರೀಕ್, ಮತ್ತು ಮೋಟಾರ್ ಸೈಕಲ್ ರಿಪೇರಿ. ಗ್ರೀಕ್ ಕಲಿಸುತ್ತಿದ್ದ ಮುದುಕ ಮೇಷ್ಟರಿಗೆ ಆಕೆಯೂ ಸೇರಿ ಮೂವರೇ ವಿದ್ಯಾರ್ಥಿಗಳು. ಅವರಲ್ಲೊಬ್ಬರು ಚಳಿ ಕಾಯಿಸಲು ಬರುತ್ತಿದ್ದರು. ಮೇಷ್ಟರು ದಾಕ್ಷಾಯಣಿಗೆಂದು ಶನಿವಾರಗಳಲ್ಲಿ ತಮ್ಮ ಅಡುಗೆಮನೆಯಲ್ಲೇ ಪುಕ್ಕಟೆ ಪಾಠ ಹೇಳಿದರು. ಅಲ್ಲಿಂದ ಶುರುವಾದದ್ದು ಗ್ರೀಕ್ ದಾಟಿ, ಗ್ರೀಕರು ಆಳಿದ ಈಜಿಪ್ಟಿಗೆ ಹೋಗಿ, ಅಲ್ಲಿನ ಪಪೈರಸ್ ಹಾಳೆಗಳಲ್ಲಿ ಸಿಕ್ಕಿಕೊಂಡಿತು.

ಪಪೈರಸ್ ಎಂದರೆ ನೈಲ್ ನದಿಯ ಜೊಂಡನ್ನು ಸೀಳಿ, ತಟ್ಟಿ ಮಾಡಿದ ಹಾಳೆ. ಬರೆದು ಬೇಡವಾದ ಹಾಳೆಯನ್ನು ಆ ಕಾಲದ ಶವಸಂಸ್ಕಾರದವರು ರದ್ದಿಗೆ ಕೊಳ್ಳುತ್ತಿದ್ದರು. ಅದನ್ನು ಪದರ ಪದರವಾಗಿ ಅಂಟಿಸಿ, ಮೇಲೆ ಸುಣ್ಣದ ಲೇಪ ಕೊಟ್ಟು, ಬಣ್ಣ ಬಳಿದು ಮಮ್ಮಿಗಳಿಗೆ ಮುಖವಾಡ ಮಾಡುತ್ತಿದ್ದರು. ದಾಕ್ಷಾಯಣಿಯ ಅಜ್ಜಿ ರದ್ದಿ ಕಾಗದಕ್ಕೆ ಮೆಂತ್ಯದ ಹಿಟ್ಟು ಸೇರಿಸಿ ಕುಟ್ಟಿ ಬುಟ್ಟಿ ಮಾಡುತ್ತಿದ್ದಳಲ್ಲ, ಹೆಚ್ಚುಕಡಿಮೆ ಹಾಗೆಯೇ. ಅಜ್ಜಿಯ ಬುಟ್ಟಿಯ ತಳದಲ್ಲಿ ಹಳೆಯ ಪಂಚಾಂಗದ ಅಕ್ಷರಗಳು ಇಣುಕುತ್ತಿದ್ದವು. ಆಗ ಯಾರೂ ಅದಕ್ಕೆ ಡಾಕ್ಟರೇಟ್ ಕೊಟ್ಟಿರಲಿಲ್ಲ.

ಡಾಕ್ಟರೇಟ್ ಬಂತೇ ಹೊರತು ಕೆಲಸ ಬರಲಿಲ್ಲ. ಮ್ಯಾಂಚೆಸ್ಟರಿನಿಂದ ಬಸ್ಸಿನಲ್ಲಿ ಒಂದು ತಾಸು ದೂರದ ಹಳೆಯ ಗಿರಣಿ ಊರೊಂದರ ಪುಟ್ಟ ಮ್ಯೂಸಿಯಂ ಆಕೆಯನ್ನು ಗಂಟೆಯ ಲೆಕ್ಕದಲ್ಲಿ ಇಟ್ಟುಕೊಂಡಿತು. ಹಿಂದೊಮ್ಮೆ ಆ ಊರಿನ ಗಿರಣಿ ಮಾಲೀಕ ಹತ್ತಿ ಖರೀದಿಗೆಂದು ಈಜಿಪ್ಟಿಗೆ ಹೋಗಿ, ಹತ್ತಿಯ ಜೊತೆಗೆ ಒಂದು ಮಮ್ಮಿಯನ್ನೂ ತಂದಿದ್ದ. ಅದನ್ನು ತನ್ನ ಮಗಳ ಹುಟ್ಟುಹಬ್ಬದ ಟೀ ಪಾರ್ಟಿಯಲ್ಲಿ ಅತಿಥಿಗಳೆದುರು ಬಿಚ್ಚಿದನಂತೆ. ಬಂದವರು ಕೇಕ್ ತಿಂದು, ನೆನಪಿಗೆಂದು ಮಮ್ಮಿಯ ಒಂದೊಂದು ಚೂರು ಕಟ್ಟಿಸಿಕೊಂಡು ಹೋದರು. ಉಳಿದದ್ದು ಮುಖವಾಡವೊಂದೇ. ಚಿನ್ನದ ಬಣ್ಣದ ಮುಖ, ಅಗಲ ಕಪ್ಪು ಕಣ್ಣು. ಬಣ್ಣ ಬಳಿದವನಿಗೆ ಏನು ಅವಸರವಿತ್ತೋ, ಒಂದು ಹುಬ್ಬು ಇನ್ನೊಂದಕ್ಕಿಂತ ಮೇಲೆ ಕೂತಿತ್ತು. ಹಾಗಾಗಿ ಆ ಹೆಂಗಸು ಎರಡು ಸಾವಿರ ವರ್ಷದಿಂದ "ಇನ್ನೂ ಬಸ್ಸು ಬರಲಿಲ್ಲವೇ?" ಎಂದು ಕೇಳುತ್ತಿರುವವಳಂತೆ ಕಾಣುತ್ತಿದ್ದಳು. ಹಳೆಯ ವಸ್ತುಗಳ ಆರೈಕೆ ನೋಡಿಕೊಳ್ಳುತ್ತಿದ್ದ ಮೌರೀನ್ ಆಕೆಗೆ ಡಾಲಿ ಎಂದು ಹೆಸರಿಟ್ಟಿದ್ದಳು. ಮೌರೀನ್ ಮ್ಯಾಂಚೆಸ್ಟರಿನ ಪಕ್ಕದ ಸಾಲ್ಫರ್ಡಿನವಳು. ಸಿಕ್ಕವರನ್ನೆಲ್ಲ "ಲವ್" ಎನ್ನುವಳು. ಡಾಲಿಗೂ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೇಳುವಳು.

ಡಿಡ್ಸ್‌ಬರಿಯಲ್ಲಿ ಈ ಕೆಲಸದ ಬಗ್ಗೆ ನಾನಾ ಅಭಿಪ್ರಾಯವಿತ್ತು. ಪಕ್ಕದ ಬೀದಿಯ ಅಹಲ್ಯಾ, ಹೃದಯದ ಡಾಕ್ಟರ ಹೆಂಡತಿ, ಮೈಸೂರಿನವರು, ಒಂದು ದಿನ ಮೆಲ್ಲನೆ ಕೇಳಿದರು: "ಮ್ಯೂಸಿಯಂನಿಂದ ಬಂದ ತಕ್ಷಣ ತಲೆಗೆ ನೀರು ಹಾಕ್ಕೋತೀರಿ ತಾನೇ? ಸತ್ತು ಎಷ್ಟು ವರ್ಷ ಆದ್ರೇನು, ಹೆಣ ಹೆಣಾನೇ ಅಲ್ವೇನ್ರೀ?"

"ಅದು ಬರೀ ಮುಖವಾಡ ಅಹಲ್ಯಾ. ಅಲ್ಲದೆ ನಮ್ಮ ಲಿಂಗಾಯತರಲ್ಲಿ ಸಾವಿನ ಸೂತಕ ಇಲ್ಲ."

"ನಿಮ್ಮಲ್ಲಿಲ್ಲ, ಸರಿ. ಆಕೆಯದು ಯಾವ ಜಾತಿಯೋ ಏನೋ!"

ಹೀಗೆಂದರೂ, ದಾಕ್ಷಾಯಣಿ ಮ್ಯೂಸಿಯಂನಿಂದ ತಡವಾಗಿ ಬರುವ ಗುರುವಾರಗಳಂದು ಅಹಲ್ಯಾ ಬಿಸಿ ಸಾರಿನ ಡಬ್ಬಿ ತಂದು ಬಾಗಿಲ ಬಳಿ ಇಡುವುದನ್ನು ತಪ್ಪಿಸಲಿಲ್ಲ. ಡಬ್ಬಿಯನ್ನು ಕೈಗೆ ಕೊಡುತ್ತಿರಲಿಲ್ಲ, ಮೆಟ್ಟಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಬೆಲ್ ಒತ್ತುತ್ತಿದ್ದರು, ಅಷ್ಟೇ. ಸಾರು ಮಾತ್ರ ಬಲು ರುಚಿ.

ಗಂಡನ ಅಭಿಪ್ರಾಯ ಇನ್ನೂ ಚಿಕ್ಕದು. "ನಿನ್ನ ಓದು ಅಂದ್ರ ಹೆಣದ ಮೈಮ್ಯಾಲಿನ ರದ್ದಿ. ನಮ್ಮ ಆಸ್ಪತ್ರಿ ರಿಸೆಪ್ಷನ್ನಿನ್ಯಾಗ ಕುಂತ್ರ ಪೆನ್ಷನ್ನರೆ ಬರತಿತ್ತು," ಎನ್ನುತ್ತಿದ್ದ ಸೋಮಲಿಂಗಪ್ಪ. ಹೇಳುತ್ತಲೇ ಎದ್ದು ಆಕೆಯನ್ನು ಬಸ್ ಸ್ಟಾಪಿನ ತನಕ ಕಾರಿನಲ್ಲಿ ಬಿಟ್ಟುಬರುತ್ತಿದ್ದ.

ಹೀಗೆ ಐದು ವರ್ಷ ಕಳೆದ ಮೇಲೆ ೨೦೦೨ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಿಂದ ಪ್ರೊಫೆಸರ್ ಪೆಂಬರ್ಟನ್ ಬಂದರು. ಎತ್ತರದ ಆಳು, ಚಳಿಗಾಲದಲ್ಲೂ ಸ್ಯಾಂಡಲ್, ಒಳಗೆ ಕಾಲುಚೀಲ. ದಾಕ್ಷಾಯಣಿ ಎಂಬ ಹೆಸರು ತಮ್ಮ ನಾಲಿಗೆಗೆ ದೊಡ್ಡದಾಯಿತೆಂದು ಮೊದಲ ದಿನವೇ ಅದನ್ನು "ಡ್ಯಾಕ್ಸ್" ಎಂದು ಕತ್ತರಿಸಿಕೊಂಡರು. ಡಾಲಿಯನ್ನು ಮಗುಚಿ, ಒಳಗಡೆ ಟಾರ್ಚ್ ಬಿಟ್ಟು, ಮೂಗಿನ ಟೊಳ್ಳಿನ ಅಂಚಿನಲ್ಲಿ ಗ್ರೀಕ್ ಅಕ್ಷರಗಳ ಚಿಕ್ಕ ಚಿಕ್ಕ ಸಾಲುಗಳನ್ನು ಕಂಡು ಅವರ ಉಸಿರು ನಿಂತಂತಾಯಿತು.

"ಡ್ಯಾಕ್ಸ್, ಇಷ್ಟು ಗಿಡ್ಡ ಸಾಲು ಎಂದರೆ ಪದ್ಯವೇ. ಯಾರೂ ಓದಿರದ ಕಾವ್ಯ!"

ಓದಬೇಕೆಂದರೆ ದಾರಿ ಒಂದೇ. ಮುಖವಾಡವನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಬೇಕು. ಅಂಟು ಬಿಡುತ್ತದೆ, ಹಾಳೆಗಳು ಒಂದೊಂದಾಗಿ ಎದ್ದು ಬರುತ್ತವೆ. ಬಣ್ಣ, ಕಣ್ಣು, ಆ ಮೇಲೆದ್ದ ಹುಬ್ಬು ಎಲ್ಲ ನೀರುಪಾಲು. ಪೆಂಬರ್ಟನ್ನರು ಇಂಥದ್ದನ್ನು ಎಷ್ಟೋ ಮಾಡಿದ್ದರು. ಅದಕ್ಕಾಗಿ ಅವರ ಬಳಿ ಪಾತ್ರೆ ತೊಳೆಯುವ ಒಂದು ನೀಲಿ ಪ್ಲಾಸ್ಟಿಕ್ ಬೋಗುಣಿ ಇತ್ತು. ಮ್ಯೂಸಿಯಂ ನಡೆಸುತ್ತಿದ್ದ ಊರಿನ ಕೌನ್ಸಿಲ್ ಒಪ್ಪಿತು. ಕಾವ್ಯ ಸಿಕ್ಕರೆ ಊರಿಗೆ ಹೆಸರು. ದಾಕ್ಷಾಯಣಿಗೆ ಲೀಡ್ಸಿನಲ್ಲಿ ಮೂರು ವರ್ಷದ ಸಂಶೋಧನೆಯ ಹುದ್ದೆ, ಸ್ವಂತ ಮೇಜು, ಬಾಗಿಲ ಮೇಲೆ ಹೆಸರು. ಮುಖವಾಡ ನೀರಿಗಿಳಿದರೆ ಇದೆಲ್ಲ. ಇಳಿಯದಿದ್ದರೆ ಮತ್ತೆ ಗಂಟೆಯ ಲೆಕ್ಕ.

ಆಕೆ ಹೂಂ ಎಂದಳು. ಐವತ್ತು ವರ್ಷಕ್ಕೆ ಒಂದು ಮೇಜು ಕೇಳಿದರೆ ಅತಿಯಾಸೆಯೇನಲ್ಲ. ಹೂಂ ಎಂದ ಮೇಲೆ ಮಾತ್ರ ಡಾಲಿಯ ಎದುರು ಕೂತಾಗ ಆಕೆ ತನ್ನ ಕುರ್ಚಿಯನ್ನು ತುಸು ಬದಿಗೆ ತಿರುಗಿಸಿಕೊಳ್ಳತೊಡಗಿದಳು. ಆ ಹುಬ್ಬನ್ನು ನೇರ ನೋಡುವುದು ಕಷ್ಟವಾಗುತ್ತಿತ್ತು.

ಅದೇ ಹೊತ್ತಿಗೆ ಧಾರವಾಡದಿಂದ ಅತ್ತೆ ನೀಲಗಂಗವ್ವ ಬಂದಿಳಿದರು. ಎಂಬತ್ತರ ಹತ್ತಿರದ ವಯಸ್ಸು, ಇಳಕಲ್ ಸೀರೆ, ಅದರ ಮೇಲೆ ಮಗನ ದಪ್ಪ ಕೋಟು, ಕೊರಳಲ್ಲಿ ಲಿಂಗ, ಸೊಂಟದ ಚೀಲದಲ್ಲಿ ವಿಭೂತಿ ಗಟ್ಟಿ. ಬೋಗುಣಿ ಬರಬೇಕಾದ ಗುರುವಾರ ಸೋಮಲಿಂಗಪ್ಪನಿಗೆ ಆಪರೇಷನ್ ಡ್ಯೂಟಿ. ಮುದುಕಿಯನ್ನು ಒಬ್ಬಳನ್ನೇ ಮನೆಯಲ್ಲಿ ಬಿಡುವಂತಿರಲಿಲ್ಲ. ಹಿಂದಿನ ವಾರ ಹಾಗೆ ಬಿಟ್ಟಾಗ ಬಾಗಿಲಿಗೆ ಬಂದ, ಕಿಟಕಿಗೆ ಜೋಡಿ ಗಾಜು ಹಾಕಿಸುವ ಡಬಲ್ ಗ್ಲೇಜಿಂಗ್ ಮಾರುವವನನ್ನು ಒಳಗೆ ಕೂಡಿಸಿ ಉಪ್ಪಿಟ್ಟು ತಿನ್ನಿಸಿ, ಆತನ ಮನೆಯ ಕಷ್ಟಸುಖವನ್ನೆಲ್ಲ ಕನ್ನಡದಲ್ಲೇ ವಿಚಾರಿಸಿದ್ದರು. ಆತ ಅಳುತ್ತ ಹೋದನೆಂದು ಎದುರುಮನೆಯವರು ಹೇಳಿದರು.

ಹಾಗಾಗಿ ದಾಕ್ಷಾಯಣಿ ಅತ್ತೆಯನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಮೌರೀನ್ ಹೀಟರನ್ನು ಮುದುಕಿಯ ಕಾಲ ಬಳಿ ಎಳೆದು ತಂದಳು. ಟೀ ಕೊಟ್ಟಳು. ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ಓದಿ, "ಮೊಟ್ಟೆ ಇಲ್ಲ, ಲವ್, ನೋಡಿದೆ," ಎಂದಳು. ಯಾರೂ ಆಕೆಗೆ ಹೇಳಿರಲಿಲ್ಲ. ಐದು ವರ್ಷದಲ್ಲಿ ದಾಕ್ಷಾಯಣಿ ಏನು ತಿನ್ನುತ್ತಾಳೆ, ಏನು ಬಿಡುತ್ತಾಳೆ ಎಂದು ಗಮನಿಸಿ ತಾನೇ ತಿಳಿದುಕೊಂಡಿದ್ದಳು.

ನೀಲಗಂಗವ್ವ ಮೇಜಿನ ಮೇಲಿದ್ದ ಡಾಲಿಯನ್ನು ನೋಡಿದರು.

"ಯಾರವಾ ಇಕಿ?"

"ಹೆಸರು ಗೊತ್ತಿಲ್ಲರಿ ಅತ್ತಿ. ಈಜಿಪ್ಟಿನ ಹೆಣ್ಮಗಳು. ಸತ್ತು ಎರಡು ಸಾವಿರ ವರ್ಷದ ಮ್ಯಾಲಾತು."

"ಮೈ ಎಲ್ಲಿ?"

"ಮಂದಿ ಹಂಚಿಕೊಂಡ್ರು."

"ಹಂಚಿಕೊಂಡ್ರು ಅಂದ್ರ? ಪ್ರಸಾದೇನ ಅದು!" ನೀಲಗಂಗವ್ವ ಕೆಮ್ಮಿದರು. "ಇವರು ಮಣ್ಣು ಕೊಡೋದು ಹೆಂಗ? ನಮ್ಮಂಗ ಕುಂದ್ರಿಸಿ ಕೊಡ್ತಾರೋ ಇಲ್ಲೋ?"

"ಇಲ್ಲರಿ, ಮಲಗಸ್ತಾರ."

"ಮಲಗಿಸಿದ್ರ ಹಿಂಗ ಆಗ್ತದ ನೋಡು. ಕುಂತಾಕಿನ್ನ ಯಾರು ಹಂಚಿಕೊಳ್ಳಾಕ ಬರತಾರ?" ಟೀಯಲ್ಲಿ ಬಿಸ್ಕತ್ತು ಅದ್ದಿದರು. "ಇವತ್ತ ಏನ ಮಾಡಾವರು ಇಕಿಗೆ?"

ದಾಕ್ಷಾಯಣಿ ಮೇಜಿನ ಕಾಗದಗಳನ್ನು ಸುಮ್ಮನೆ ಜೋಡಿಸಿದಳು. "ನೀರಾಗ ಹಾಕ್ತಾರ ಅತ್ತಿ. ಒಳಗಿನ ಬರಹ ಓದಾಕ. ಮುಖ ಉಳಿಯಂಗಿಲ್ಲ. ಅಲ್ಲೀತನಕ ಹನಿ ನೀರ ಸೋಂಕಬಾರದು, ನೀವು ಟೀ ಕಪ್ಪು ಅತ್ತಾಗ ಇಟ್ಟುಕೊಳ್ರಿ."

"ನೀನು ಬ್ಯಾಡ ಅನ್ನಲಿಲ್ಲ?"

"ನನಗ ಕೆಲಸ ಸಿಗತೈತ್ರಿ ಅತ್ತಿ. ಖಾಯಂ ಅಲ್ಲ, ಆದ್ರೂ ಕೆಲಸ."

ನೀಲಗಂಗವ್ವ ಕಪ್ಪನ್ನು ಅತ್ತ ಸರಿಸಿದರು. ಅಷ್ಟರಲ್ಲಿ ಕೆಳಗೆ ಪೆಂಬರ್ಟನ್ನರ ಕಾರು ಬಂದ ಸದ್ದಾಯಿತು. ದಾಕ್ಷಾಯಣಿ, ಮೌರೀನ್ ಇಬ್ಬರೂ ಎದುರುಗೊಳ್ಳಲು ಇಳಿದು ಹೋದರು. ಪ್ರೊಫೆಸರರ ನೀಲಿ ಬೋಗುಣಿ, ಥರ್ಮಾಮೀಟರು, ಹಾಳೆ ಒಣಗಿಸುವ ಒತ್ತುಕಾಗದ, ಸಂಭ್ರಮಕ್ಕೆಂದು ತಂದ ಕೇಕು, ಎಲ್ಲವನ್ನೂ ಹೊತ್ತುಕೊಂಡು ಮೇಲೆ ಬಂದಾಗ ನೀಲಗಂಗವ್ವ ಮೊದಲಿನಂತೆಯೇ ಕುರ್ಚಿಯಲ್ಲಿ ಕೂತು ಎರಡನೆಯ ಬಿಸ್ಕತ್ತು ತಿನ್ನುತ್ತಿದ್ದರು.

ಡಾಲಿಯ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಅಡ್ಡಲಾಗಿ, ಅಚ್ಚುಕಟ್ಟಾಗಿ ಎದ್ದು ಕಾಣುತ್ತಿತ್ತು. ಚಿನ್ನದ ಬಣ್ಣದ ಮೇಲೆ ಬೆಳ್ಳಗೆ. ಮೇಲೆದ್ದ ಹುಬ್ಬಿನ ತುದಿಗೂ ಸ್ವಲ್ಪ ತಾಗಿತ್ತು.

ಪೆಂಬರ್ಟನ್ನರ ಕೈಯಿಂದ ಥರ್ಮಾಮೀಟರು ಬೋಗುಣಿಯೊಳಗೆ ಬಿದ್ದು ಟಣ್ ಎಂದಿತು.

"ಅತ್ತೀ! ಏನ ಮಾಡಿದ್ರಿ ಇದು?"

"ಹಣಿ ಬರಿದ ಇತ್ತು," ಎಂದರು ನೀಲಗಂಗವ್ವ. "ನೀರಾಗ ಹೋಗಾಕಿ, ಮತ್ತ ಬರಂಗಿಲ್ಲ. ಬರೀ ಹಣಿಲೆ ಕಳಸೋದು ಬ್ಯಾಡ ಅಂತ ಹಚ್ಚಿದೆ. ನೀ ಅಂಜಬ್ಯಾಡ, ನೀರು ಮುಟ್ಟಿಸಿಲ್ಲ. ಒಣಾ ವಿಭೂತಿನ ಹಚ್ಚೀನಿ."

ದಾಕ್ಷಾಯಣಿಗೆ ಅಲ್ಲಿಯೇ ನೆಲ ಬಾಯ್ಬಿಟ್ಟರೆ ಚೆನ್ನಾಗಿತ್ತು ಎನಿಸಿತು. ಅದೇ ಹೊತ್ತಿಗೆ, ಇಷ್ಟೆಲ್ಲದರ ನಡುವೆಯೂ ಮುದುಕಿ ತಾನು ಹೇಳಿದ ನೀರಿನ ಮಾತನ್ನು ನೆನಪಿಟ್ಟು ನಡೆಸಿದರಲ್ಲ ಎಂದು ಅಕ್ಕರೆಯೂ ಉಕ್ಕಿತು. ಕೂಡಲೇ ನಗುವೂ ಬಂತು. ಮೂರೂ ಒಟ್ಟಿಗೆ ಬಂದದ್ದರಿಂದ ಬಿಕ್ಕಳಿಕೆಯಾಯಿತು.

ಪೆಂಬರ್ಟನ್ನರು ಮೊದಲು ಚೇತರಿಸಿಕೊಂಡರು. "ಬೂದಿ ತಾನೇ? ಬಿಡಿ, ಏನೂ ಆಗಿಲ್ಲ. ಮೃದುವಾದ ಬ್ರಷ್ಷಿನಿಂದ ಒರೆಸಿದರೆ ಹೋಗುತ್ತದೆ. ಹೇಗಿದ್ದರೂ ನೀರಿಗೆ ಹೋಗುವುದೇ." ಕೋಟಿನ ತೋಳು ಮಡಚಿದರು. "ಮೌರೀನ್, ನಲ್ಲಿ ಎಲ್ಲಿ?"

ಮೌರೀನ್ ಜಾಗ ಬಿಟ್ಟು ಕದಲಲಿಲ್ಲ. "ಒಂದು ನಿಮಿಷ. ವಸ್ತುವಿನ ಮೇಲೆ ಹೊಸದಾಗಿ ಏನು ಬಿದ್ದರೂ ಅದೇನೆಂದು ನಾನು ಹೇಳಬೇಕಾಗುತ್ತದೆ." ದಾಕ್ಷಾಯಣಿಯ ಕಡೆ ತಿರುಗಿದಳು. "ಇದೇನು, ಲವ್? ಬೂದಿಯೋ, ಅಥವಾ ಬೇರೆ ಏನಾದರೂ?"

ಪ್ರಶ್ನೆ ಸಣ್ಣದು. ಆದರೆ ಮೌರೀನ್ ಅದನ್ನು ನಿಧಾನವಾಗಿ ಕೇಳಿದ ರೀತಿ, ಎರಡು ಬಾಗಿಲು ತೆರೆದು ಹಿಡಿದು, ಯಾವುದರಲ್ಲಿ ಹೋದರೂ ನಾನೇನೂ ಅಂದುಕೊಳ್ಳುವುದಿಲ್ಲ ಎಂಬಂತಿತ್ತು. ಬೂದಿ ಎಂದರೆ ಬ್ರಷ್ಷು, ಬೋಗುಣಿ, ಲೀಡ್ಸಿನ ಮೇಜು. ದಾಕ್ಷಾಯಣಿ ಬಾಯಿ ತೆರೆದು ಬೂದಿ ಎನ್ನುವುದರಲ್ಲಿದ್ದಳು. ಕಣ್ಣು ಡಾಲಿಯ ಕಡೆ ಹೋಯಿತು. ವಿಭೂತಿ ಹಚ್ಚಿಸಿಕೊಂಡ ಡಾಲಿ ತವರಿನ ಕಡೆಯ ಯಾರೋ ಜೋರಿನ ಚಿಕ್ಕಮ್ಮನ ಹಾಗೆ ಕಂಡಳು. ಆ ಹುಬ್ಬು ಈಗ ನೇರವಾಗಿ ಆಕೆಯನ್ನೇ ಕೇಳುತ್ತಿತ್ತು.

"ಬೂದಿಯಲ್ಲ," ಎಂದಳು ದಾಕ್ಷಾಯಣಿ ಇಂಗ್ಲಿಷಿನಲ್ಲಿ. "ಇದು ಕೊನೆಯ ಸಂಸ್ಕಾರ. ನಮ್ಮ ಹಿರಿಯರು ಮಾಡಿದ್ದಾರೆ. ನಮ್ಮಲ್ಲಿ ಇದಾದ ಮೇಲೆ ಸತ್ತವರನ್ನು ಮಣ್ಣಿಗಲ್ಲದೆ ಬೇರೆ ಯಾವುದಕ್ಕೂ ಕೊಡುವುದಿಲ್ಲ. ತೊಳೆಯುವುದಂತೂ ಇಲ್ಲ."

"ಆದರೆ ಡ್ಯಾಕ್ಸ್, ಈಕೆ ನಿಮ್ಮವಳಲ್ಲ!" ಪೆಂಬರ್ಟನ್ನರ ಸ್ವರ ಏರಿತು. "ಈಕೆ ಪೂಜಿಸಿದ್ದು ನರಿತಲೆಯ ದೇವರನ್ನು!"

"ಏನಂತಾನ ಅಂವ?" ಎಂದು ನೀಲಗಂಗವ್ವ ಕೇಳಿದರು.

"ಈಕಿ ನಮ್ಮ ಪೈಕಿ ಅಲ್ಲ ಅಂತಾರರಿ."

"ಹೌದಲ್ಲ, ಅಲ್ಲ. ಮತ್ತ ಈಕಿ ಪೈಕಿ ಮಂದಿ ಯಾರರೆ ಅದಾರೇನು ಈ ಊರಾಗ? ಇದ್ರ ಕರೀರಿ. ನಾ ಒರಸ್ತೀನಿ, ಅವರು ತಮ್ಮದು ಏನೈತಿ ಅದನ್ನ ಹಚ್ಚಲಿ."

ದಾಕ್ಷಾಯಣಿ ಅನುವಾದಿಸಿದಳು. ಪೆಂಬರ್ಟನ್ನರು ಕಿಟಕಿಯ ಹೊರಗೆ ನೋಡಿದರು, ಆ ಗಿರಣಿ ಊರಿನ ಬೀದಿಯಲ್ಲಿ ಪ್ರಾಚೀನ ಈಜಿಪ್ಟಿನವರು ಯಾರಾದರೂ ಹೋಗುತ್ತಿದ್ದಾರೇನೋ ಎಂಬಂತೆ. ಹೊರಗೆ ಮಳೆ. ಒಬ್ಬ ನಾಯಿ ಹಿಡಿದುಕೊಂಡು ಹೋದ.

"ಧಾರ್ಮಿಕ ಭಾವನೆಯ ವಿಷಯ ಅಂದಮೇಲೆ ಕೌನ್ಸಿಲಿನ ಸಮಿತಿಗೆ ಹೋಗಬೇಕಾಗುತ್ತೆ," ಎಂದಳು ಮೌರೀನ್. ಸ್ವರದಲ್ಲಿ ಬೇಸರ ತರಲು ತನ್ನಿಂದಾದಷ್ಟು ಪ್ರಯತ್ನಪಟ್ಟಳು. "ಅದು ತೀರ್ಮಾನವಾಗುವವರೆಗೆ ಡಾಲಿಗೆ ಒಂದು ಹನಿ ನೀರೂ ಸೋಕುವಂತಿಲ್ಲ. ಕೇಕ್ ಕತ್ತರಿಸಲೇ?"

ಪೆಂಬರ್ಟನ್ನರು ಕೆಟ್ಟವರಲ್ಲ. ಮುಖ ಸಣ್ಣದು ಮಾಡಿಕೊಂಡು ಎರಡು ಚೂರು ಕೇಕ್ ತಿಂದರು. ಮಳೆಯಲ್ಲಿ ಬಸ್ಸಿಗೆ ಕಾಯುವುದು ಬೇಡವೆಂದು ಅತ್ತೆ-ಸೊಸೆಯನ್ನು ತಾವೇ ಕಾರಿನಲ್ಲಿ ಡಿಡ್ಸ್‌ಬರಿಗೆ ಬಿಟ್ಟರು. ಹಿಂದಿನ ಸೀಟಿನಲ್ಲಿ ಜಾಗವಿಲ್ಲದೆ ನೀಲಗಂಗವ್ವ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಬೆರಳಲ್ಲಿ ತಟ್ಟಿ ನೋಡಿದರು.

"ಚಲೋ ಬೋಗುಣಿ. ಗಟ್ಟಿ ಐತಿ. ಎಲ್ಲಿ ತಗೊಂಡ ಕೇಳು."

ಕೇಳಿದ್ದಕ್ಕೆ ಪೆಂಬರ್ಟನ್ನರು ಮನೆಯ ಮುಂದೆ ಕಾರು ನಿಲ್ಲಿಸಿ, ಇಳಿದು ಬಂದು, ಮುದುಕಿಯನ್ನು ಕೈ ಹಿಡಿದು ಇಳಿಸಿ, "ಇದು ನಿಮಗೇ ಇರಲಿ, ಮೇಡಂ. ನನಗೆ ಸದ್ಯಕ್ಕೆ ಇದರ ಕೆಲಸವಿಲ್ಲ," ಎಂದರು. ಒಂದು ಪ್ರಾಚೀನ ಕಾವ್ಯ ತೇಲಿ ಬರಬೇಕಿದ್ದ ಬೋಗುಣಿಯಲ್ಲಿ ಮರುದಿನ ಇಡ್ಲಿಗೆ ಅಕ್ಕಿ ನೆನೆಯಿತು.

ರಾತ್ರಿ ಊಟಕ್ಕೆ ಕೂತಾಗ ಸೋಮಲಿಂಗಪ್ಪ ಎಲ್ಲ ಕೇಳಿ ತಟ್ಟೆಯಲ್ಲೇ ಕೈ ನಿಲ್ಲಿಸಿದ. "ಯವ್ವಾ, ಸೊಸಿ ನೌಕರಿಗೆ ವಿಭೂತಿ ಹಚ್ಚಿ ಬಂದೀಯಲ್ಲ!"

"ನಾ ಹಚ್ಚಿದ್ದು ಹಣಿಗೆ. ನೌಕರಿ ಬಿಟ್ಟಾಕಿ ಆಕಿ. ಆಕಿನ್ನ ಕೇಳು," ಎಂದರು ನೀಲಗಂಗವ್ವ. ಆಮೇಲೆ ಸೊಸೆಯ ತಟ್ಟೆಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟರು.

ಲೀಡ್ಸಿನ ಹುದ್ದೆ ಬೇರೊಬ್ಬ ಹುಡುಗನಿಗೆ ಹೋಯಿತು. ಕೌನ್ಸಿಲಿನ ಸಮಿತಿ ಸೇರಿತು. ಅದರಲ್ಲಿ ಒಬ್ಬ ಪಾದ್ರಿ, ಒಬ್ಬ ಇಮಾಮರು, ಕಾರ್ಪೆಟ್ ಅಂಗಡಿಯ ಒಬ್ಬ ಸರ್ದಾರ್ಜಿ ಇದ್ದರು. ಮೂವರೂ ಒಳ್ಳೆಯವರು. ಪ್ರಾಚೀನ ಈಜಿಪ್ಟಿನ ಧರ್ಮದ ಪರವಾಗಿ ಮಾತಾಡಲು ತಮಗೆ ಅಧಿಕಾರವಿಲ್ಲವೆಂದು ಮೂವರೂ ಒಪ್ಪಿದರು. ಆ ಧರ್ಮದ ಪ್ರತಿನಿಧಿ ಸಿಗುವವರೆಗೆ ವಿಷಯವನ್ನು ಮುಂದೂಡಲಾಯಿತು. ಅದು ಇವತ್ತಿಗೂ ಮುಂದಕ್ಕೆ ಹೋಗುತ್ತಲೇ ಇದೆ. ಡಾಲಿಯನ್ನು ವಿಭೂತಿಯ ಸಮೇತ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಶಾಲೆಯ ಮಕ್ಕಳು ಬಂದು ಮೂಗನ್ನು ಗಾಜಿಗೆ ಒತ್ತಿ ನೋಡುತ್ತಿದ್ದರು. ದಾಕ್ಷಾಯಣಿ ಗಂಟೆಯ ಲೆಕ್ಕದಲ್ಲಿ ಪೆಟ್ಟಿಗೆಯ ಪಕ್ಕ ಕೂತಿರುತ್ತಿದ್ದಳು. ಕುರ್ಚಿಯನ್ನು ಬದಿಗೆ ತಿರುಗಿಸಿಕೊಳ್ಳುವುದು ನಿಂತಿತ್ತು. ಆದರೆ ಲೀಡ್ಸಿನ ಬಸ್ಸು ಕಂಡರೆ ಮನಸ್ಸು ಚುಳ್ ಎನ್ನುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಆ ಸಾಲುಗಳು ನಿಜಕ್ಕೂ ಕಾವ್ಯವೇ ಆಗಿದ್ದರೆ?

ಮರುವರ್ಷ ಒಂದು ಶನಿವಾರ ಸೋಮಲಿಂಗಪ್ಪ, ಹೆಂಡತಿಯನ್ನು ಬಸ್ ಸ್ಟಾಪಿಗೆ ಬಿಡುವ ಬದಲು ನೇರ ಮ್ಯೂಸಿಯಂಗೇ ಕಾರು ಹೊಡೆದ. ಹಿಂದಿನ ಸೀಟಿನಿಂದ ಒಂದು ಉದ್ದ ಪೆಟ್ಟಿಗೆ ಇಳಿಸಿದ. ಒಳಗೆ ಮೂಗಿನೊಳಗೆ ಇಳಿಬಿಟ್ಟು ನೋಡುವ ಸಣ್ಣ ದೀಪದ ನಳಿಕೆ.

"ಹಳೇದು. ಸೆಕೆಂಡ್ ಹ್ಯಾಂಡ್ ತಗೊಂಡೆ," ಎಂದ ಆಕೆಯ ಮುಖ ನೋಡದೆ. "ನೀ ಒಮ್ಮೆ ಅಂದಿದ್ದಿ, ಈಕಿ ಮೂಗು ಒಳಗ ಟೊಳ್ಳು ಐತಿ, ಅಲ್ಲಿ ಪದರ ಬಿಟ್ಟುಕೊಂಡಾವು ಅಂತ. ಮೂವತ್ತು ವರ್ಷ ಮಂದಿ ಮೂಗಿನ್ಯಾಗ ನೋಡೀನಿ. ಇದೊಂದು ನೋಡಿಬಿಡ್ತೀನಿ."

ತಾನು ಯಾವಾಗ ಹಾಗೆಂದಿದ್ದೆ ಎಂದು ದಾಕ್ಷಾಯಣಿಗೆ ನೆನಪಿರಲಿಲ್ಲ. ಆತ ಪೇಪರ್ ಓದುತ್ತಿದ್ದಾಗ ಹೇಳಿರಬೇಕು. ಪೇಪರಿನ ಹಿಂದಿನಿಂದಲೂ ಆತನಿಗೆ ಕೇಳಿಸುತ್ತಿತ್ತೆಂದು ಆಕೆಗೆ ಗೊತ್ತಿರಲಿಲ್ಲ.

ಮೌರೀನಳನ್ನು ಕೇಳಿದರು. ಮೌರೀನ್ ಸ್ವಲ್ಪ ಯೋಚಿಸಿ, "ಸಮಿತಿಯವರು ನೀರಿನ ಬಗ್ಗೆ ಹೇಳಿದ್ದಾರೆ. ಮೂಗಿನ ಬಗ್ಗೆ ಏನೂ ಹೇಳಿಲ್ಲ," ಎಂದು ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಡಾಲಿಯನ್ನು ಮಗುಚಿ ಮೆತ್ತನೆಯ ದಿಂಬಿನ ಮೇಲೆ ಮಲಗಿಸಿದಳು.

ಸೋಮಲಿಂಗಪ್ಪ ಕೈತೊಳೆದು, ಒರೆಸಿ, ಗವಸು ಹಾಕಿಕೊಂಡ. ಅಭ್ಯಾಸಬಲದಿಂದ ಡಾಲಿಯ ಕಡೆ ಬಾಗಿ ಇಂಗ್ಲಿಷಿನಲ್ಲಿ, "ಸ್ವಲ್ಪ ತಣ್ಣಗೆನಿಸುತ್ತದೆ. ಕೆಮ್ಮಬೇಡಿ, ಬೇಗ ಮುಗಿಯುತ್ತದೆ," ಎಂದ. ನಳಿಕೆಯನ್ನು ಎಷ್ಟು ನಯವಾಗಿ ಒಳಗಿಳಿಸಿದನೆಂದರೆ, ಮದುವೆಯಾದಾಗಿನಿಂದ ಆತನ ಬಾಯಿಯನ್ನಷ್ಟೇ ಕಂಡಿದ್ದ ದಾಕ್ಷಾಯಣಿ, ಈ ಕೈಯನ್ನು ತಾನು ನೋಡಿಯೇ ಇರಲಿಲ್ಲವಲ್ಲ ಎಂದುಕೊಂಡಳು.

"ಮೂಗಿನ ನಡುಗ್ವಾಡಿ ಎಡಕ್ಕ ವಾಲೇತಿ," ಎಂದ. "ಜೀವಂತ ಇದ್ದಿದ್ರ ಗೊರಕಿ ಹೊಡಿತಿದ್ಲು. ಬಾ, ನೋಡು."

ಆಕೆ ಕಣ್ಣಿಟ್ಟಳು. ಕತ್ತಲೆಯಲ್ಲಿ ಹೊಂಬಣ್ಣದ ಹಾಳೆ, ಅದರ ಮೇಲೆ ಕಪ್ಪು ಅಕ್ಷರ, ಮೊನ್ನೆ ಬರೆದಂತೆ.

ಅದಾದ ಮೇಲೆ ಶನಿವಾರಗಳೆಲ್ಲ ಹೀಗೇ. ಸೋಮಲಿಂಗಪ್ಪ ನಳಿಕೆ ಹಿಡಿಯುವುದು, ಆಕೆ ಓದುವುದು, ಮೌರೀನ್ ಟೀ. ಅಕ್ಷರಕ್ಕೆ ಅಕ್ಷರ ಕೂಡಿಸಿ ಮುಗಿಯುವ ಹೊತ್ತಿಗೆ ಗೊತ್ತಾದದ್ದಿಷ್ಟು: ಅದು ಕಾವ್ಯವಲ್ಲ. ಗಿಡ್ಡ ಸಾಲು ಕವಿಯ ಕೆಲಸವಲ್ಲ, ಕತ್ತರಿಯ ಕೆಲಸ. ಮುಖವಾಡ ಮಾಡಿದವನು ಹಾಳೆಯನ್ನು ಮೂಗಿನ ಅಳತೆಗೆ ಕತ್ತರಿಸಿಕೊಂಡಿದ್ದ. ಅದೊಂದು ದೂರಿನ ಅರ್ಜಿ. ಒಬ್ಬ ತಾಯಿ ರಾಜನಿಗೆ ಬರೆಸಿದ್ದು. ಮಗಳ ಮದುವೆಗೆ ಗೊತ್ತು ಮಾಡಿದ ಕೊಳಲಿನವನು ಕುಡಿದು ಬಂದು, ಹೆಣ್ಣು-ಗಂಡು ಕೂತ ಗಳಿಗೆಯಲ್ಲಿ ಹೆಣದ ಮುಂದೆ ನುಡಿಸುವ ರಾಗವನ್ನು ನುಡಿಸಿದನಂತೆ. ಬೀಗರು ಎದ್ದು ಹೊರಟರಂತೆ. ಮುದುಕರು ಅಭ್ಯಾಸಬಲದಿಂದ ಅಳಲು ಶುರುಮಾಡಿದರಂತೆ. ಈಗ ಆ ಕೊಳಲಿನವನನ್ನು ಕರೆಸಿ ವಿಚಾರಿಸಬೇಕು ಮತ್ತು... ಅಲ್ಲಿಗೆ ಮೂಗು ಮುಗಿಯುತ್ತಿತ್ತು.

ನೀರಿನಲ್ಲಿ ನೆನೆಸಿದ್ದರೆ ಡಾಲಿಯ ಮುಖ ಹೋಗಿ ಈ ಅರ್ಜಿ ಸಿಗುತ್ತಿತ್ತು. ದಾಕ್ಷಾಯಣಿ ಅದನ್ನು ಯೋಚಿಸಿ ಮೌರೀನ್ ಬಳಿ ಒಂದು ಬಿಸ್ಕತ್ತು ಹೆಚ್ಚು ಕೇಳಿ ತಿಂದಳು.

ನಾಲ್ಕು ಪುಟದ ಲೇಖನ ಅಚ್ಚಾಯಿತು. ೨೦೦೫ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಿದ್ವಾಂಸರ ಸಭೆ ನಡೆದಾಗ ಆಕೆಯನ್ನು ಮಾತಾಡಲು ಕರೆದರು. ಪೀಠದಲ್ಲಿದ್ದವರು ಪೆಂಬರ್ಟನ್. ಅವರು ಎದ್ದು ನಿಂತು, ಒಂದು ಗುಟುಕು ನೀರು ಕುಡಿದು, ಕಣ್ಣು ಮುಚ್ಚಿ, "ಡಾಕ್ಟರ್ ದಾ-ಕ್ಷಾ-ಯ-ಣಿ," ಎಂದರು. ಪೂರ್ತಿ, ತಪ್ಪಿಲ್ಲದೆ. ಲೀಡ್ಸಿನಿಂದ ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಒಬ್ಬರೇ ಹೇಳಿಕೊಳ್ಳುತ್ತ ಬಂದಿದ್ದರಂತೆ, ಆಮೇಲೆ ಊಟದ ಹೊತ್ತಿನಲ್ಲಿ ಒಪ್ಪಿಕೊಂಡರು. ನೀಲಿ ಬೋಗುಣಿ ಹೇಗಿದೆಯೆಂದೂ ವಿಚಾರಿಸಿದರು.

ಆ ಭಾನುವಾರ ಧಾರವಾಡಕ್ಕೆ ಫೋನ್ ಮಾಡಿ ದಾಕ್ಷಾಯಣಿ, ಊರಿಗೆ ಮರಳಿದ್ದ ಅತ್ತೆಗೆ ಅರ್ಜಿಯ ಕಥೆಯನ್ನೆಲ್ಲ ಓದಿ ಹೇಳಿದಳು. ನೀಲಗಂಗವ್ವ ಕೊಳಲಿನವನ ಜಾಗ ಬಂದಾಗ "ಹಾಳಾದಂವ" ಎಂದರು.

"ಮುಂದ? ಆ ತಾಯಿಗೆ ನ್ಯಾಯ ಸಿಕ್ತೋ ಇಲ್ಲೋ?"

"ಗೊತ್ತಿಲ್ಲರಿ ಅತ್ತಿ. ಮೂಗಿನ್ಯಾಗ ಅಷ್ಟ ಐತಿ. ಉಳಿದದ್ದನ್ನ ಕತ್ತರಿಸಿ ಕಿವಿ ಕಡೆ ಅಂಟಿಸ್ಯಾರ ಅಂತ ಕಾಣತೈತಿ."

"ಮತ್ತ ಕಿವ್ಯಾಗ ನೋಡ್ರಿ! ನನ್ನ ಮಗ ಬರೀ ಮೂಗಿನ ಡಾಕ್ಟರೇನು? ಕಿವಿದೂ ಓದಸೀನಿ, ಗಂಟಲದೂ ಓದಸೀನಿ. ಹೇಳು ಅವಗ."

ದಾಕ್ಷಾಯಣಿ ರಿಸೀವರಿಗೆ ಕೈ ಅಡ್ಡ ಇಟ್ಟು ಹೇಳಿದಳು. ಸೋಮಲಿಂಗಪ್ಪ ಪೇಪರಿನ ಹಿಂದಿನಿಂದ, "ಕಿವಿಗೆ ಬ್ಯಾರೆ ರೆಫರಲ್ ಚೀಟಿ ಬೇಕು. ವೇಟಿಂಗ್ ಲಿಸ್ಟಿನ್ಯಾಗ ಹಾಕೀನಿ ಅಂತ ಹೇಳವ್ವಗ," ಎಂದ.

ಆದರೆ ಪೇಪರನ್ನು ಪಕ್ಕಕ್ಕಿಟ್ಟು, ಎದ್ದು, ಮೆಟ್ಟಿಲ ಕೆಳಗಿನ ಗೂಡಿನಿಂದ ಹಳೆಯ ಚರ್ಮದ ಬ್ಯಾಗನ್ನು ಎಳೆದು, ಕಿವಿಗೆ ಹೊಂದುವ ಸಣ್ಣ ನಳಿಕೆ ಎಲ್ಲಿ ಹೋಯಿತೆಂದು ಹುಡುಕತೊಡಗಿದ.